ಗುಂಡು ತಣಿಸಿದ ನೀರು

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಕಾಲುವೆ ದಾಟಿ ಎಡಕ್ಕೆ ಹೊರಳಿದರೆ ಜಾಲಿಗೇರಾ ಎಂಬ ಊರು. ಅಲ್ಲಿ ಮೋನಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾವ ಮೋನಮ್ಮ ಎಂದು ತಿರುಗಿ ಕೇಳುತ್ತಾರೆ. ಕೃಷ್ಣೆಯ ದಂಡೆಯ ತಿಂಥಣಿಯ ಮೌನಿ ದೇವರು ಮೋನಪ್ಪಯ್ಯನ ಹೆಸರು ಹೊತ್ತವರು ಆ ಸೀಮೆಯಲ್ಲಿ ಓಣಿಗೊಬ್ಬರು. ಗುಂಡಿನ ಮೋನಮ್ಮ ಎಂದರೆ ಸಾಕು, ಕೆರೆಯ ಏರಿಯ ಕಡೆ ಕೈ ತೋರಿಸುತ್ತಾರೆ.

ಗುಂಡು ಎಂದರೆ ಬಲೆಯ ಗುಂಡು. ಬೀಸುಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡು ಪೋಣಿಸಿರುತ್ತಾರೆ. ಬೀಸಿದ ಬಲೆ ಕೊಡೆಯಂತೆ ಬಿಚ್ಚಿಕೊಂಡು ನೀರಿಗೆ ಬಿದ್ದು, ಗುಂಡಿನ ಭಾರಕ್ಕೆ ಅಂಚೆಲ್ಲ ಒಟ್ಟಿಗೆ ತಳಕ್ಕಿಳಿದು ಮೀನನ್ನು ಮುಚ್ಚಬೇಕು. ಒಂದು ಕಡೆ ಬೇಗ, ಒಂದು ಕಡೆ ತಡವಾಗಿ ಇಳಿದರೆ ಮೀನು ಸಂದಿಯಲ್ಲಿ ನುಣುಚಿಕೊಳ್ಳುತ್ತದೆ. ಅದಕ್ಕೇ ಎಲ್ಲ ಗುಂಡುಗಳೂ ಒಂದೇ ತೂಕ ಇರಬೇಕು. ಮೋನಮ್ಮ ಹೊಯ್ದ ಗುಂಡು ಹಾಗಿರುತ್ತಿದ್ದವು. ಕಕ್ಕೇರಾದ ಕಡೆಯಿಂದ, ವಡಗೇರಾದ ಕಡೆಯಿಂದ ಬಲೆ ಹೊತ್ತು ಬರುವವರಿದ್ದರು. ಬಂದವರು ಏರಿಯ ಮೇಲೆ ಕುಳಿತು ಎಲೆ ಅಡಿಕೆ ಹಾಕಿಕೊಂಡು, ಆಕೆ ಹೊಯ್ಯುವುದನ್ನು ನೋಡಿ, ಗುಂಡು ಕಟ್ಟಿಸಿಕೊಂಡೇ ಹೋಗುತ್ತಿದ್ದರು.

ಈ ಕೆಲಸ ಆಕೆಗೆ ಅತ್ತೆಯಿಂದ ಬಂದದ್ದು. ಅತ್ತೆ ಸಾಯುವ ಮುಂಚೆ ಬಳಪದ ಕಲ್ಲಿನ ಅಚ್ಚನ್ನು ಸೊಸೆಯ ಕೈಗಿಟ್ಟು ಎರಡು ಮಾತು ಹೇಳಿದ್ದಳು. ಗುಂಡನ್ನು ಗಂಗಮ್ಮನ ಎದುರಿಗೇ ಹೊಯ್ಯಬೇಕು. ಗುಂಡು ತಣಿಸಿದ ನೀರನ್ನು ಯಾರೂ ತುಳಿಯಬಾರದು, ಅದನ್ನು ತಾಯಿಯ ಕಟ್ಟೆಯ ಬುಡಕ್ಕೇ ಹಾಕಬೇಕು. ಏರಿಯ ಮೇಲೊಂದು ದೊಡ್ಡ ಜಾಲಿಯ ಮರ, ನೀರಿನ ಕಡೆ ಬಾಗಿದ್ದು. ಅದರ ಬುಡದಲ್ಲಿ ಅರಿಶಿನ ಕುಂಕುಮ ಮೆತ್ತಿದ ಒಂದು ಕಲ್ಲು. ಅದೇ ಗಂಗಮ್ಮ. ಮೋನಮ್ಮ ಅದರೆದುರು ಮೂರು ಕಲ್ಲು ಹೂಡಿ, ಬಾಣಲೆಯಲ್ಲಿ ಸೀಸ ಕರಗಿಸಿ, ಅಚ್ಚಿನ ನಡುವೆ ತಂತಿ ಇಟ್ಟು ಹೊಯ್ದು, ಬಿಸಿ ಗುಂಡನ್ನು ಮಣ್ಣಿನ ಬಾನಿಯ ನೀರಿಗೆ ಬಿಡುತ್ತಿದ್ದಳು. ಆಮೇಲೆ ಚಾಕುವಿನಿಂದ ಗುಂಡಿನ ಅಂಚು ಕೆರೆದು ನುಣುಪು ಮಾಡಿ, ಕೆಲಸ ಮುಗಿದ ಮೇಲೆ ಬಾನಿಯನ್ನು ಎರಡೂ ಕೈಯಿಂದ ಎತ್ತಿ, ನೀರನ್ನು ಕಟ್ಟೆಯ ಬುಡಕ್ಕೆ ಸುರಿದು ಕೈ ಮುಗಿಯುತ್ತಿದ್ದಳು.

ಆಕೆ ಮದುವೆಯಾಗಿ ಬಂದಾಗ ಕೆರೆ ಶಿವರಾತ್ರಿಯ ಹೊತ್ತಿಗೆ ಬಿರುಕು ಬಿಡುತ್ತಿತ್ತು. ಗಂಡಸರು ಕೃಷ್ಣೆಗೆ ಹೋಗಿ ಬಲೆ ಬೀಸುತ್ತಿದ್ದರು. ಆಮೇಲೆ ಕಾಲುವೆ ಬಂತು. ಗದ್ದೆಗಳಿಂದ ಬಸಿದ ನೀರು ಹಳ್ಳ ಹಿಡಿದು ಕೆರೆಗೆ ಇಳಿಯಿತು. ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಟ್ರ್ಯಾಕ್ಟರುಗಳು ಬಂದವು, ಟ್ರ್ಯಾಕ್ಟರಿನ ಹಳೆಯ ಬ್ಯಾಟರಿಗಳು ಶಹಾಪುರದ ಮಕ್ತುಮಸಾಬನ ಅಂಗಡಿಯಲ್ಲಿ ಗುಡ್ಡೆ ಬಿದ್ದವು. ಮುಂಚೆ ಸೀಸಕ್ಕಾಗಿ ಊರೂರು ಅಲೆಯುತ್ತಿದ್ದ ಮೋನಮ್ಮನಿಗೆ ಈಗ ಅದು ಚೀಲಗಟ್ಟಲೆ ಸಿಗತೊಡಗಿತು. ಗಂಡ ಮರಿಲಿಂಗಪ್ಪ ಹಾವು ಕಡಿದು ಹೋದ ಮೇಲೂ ಮನೆ ನಡೆದದ್ದು, ಮಗ ಸಾಬಣ್ಣನ ಮದುವೆಯಾದದ್ದು ಈ ಗುಂಡಿನ ಮೇಲೇ.

ಭತ್ತದ ಜೊತೆಗೆ ಗೀಜಗಗಳೂ ಬಂದವು. ಮುಂಗಾರು ಹನಿಯುವ ಹೊತ್ತಿಗೆ ಹಳದಿ ತಲೆಯ ಗಂಡುಗಳು ಭತ್ತದ ಗರಿ ಸೀಳಿ ತಂದು, ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಗಳ ತುದಿಗೆ ಗೂಡು ಹೆಣೆಯತೊಡಗಿದವು. ಮೋನಮ್ಮ ಬಲೆಯನ್ನೂ ಹೆಣೆಯಬಲ್ಲವಳು. ಒಂದು ಗೀಜಗ ಗರಿಯ ತುದಿಯನ್ನು ಕೊಕ್ಕಿನಿಂದ ಒಳಕ್ಕೆ ತೂರಿಸಿ, ಆ ಕಡೆ ಹೋಗಿ ಎಳೆದು, ಮತ್ತೆ ತೂರಿಸಿ ಗಂಟು ಬಿಗಿಯುವುದನ್ನು ಮೊದಲ ಸಲ ಕಂಡ ದಿನ ಆಕೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನೋಡುತ್ತಲೇ ಕುಳಿತಳು. ಸೀಸ ಗಟ್ಟಿಯಾಗಿ ಮತ್ತೆ ಕಾಯಿಸಬೇಕಾಯಿತು.

"ಅತ್ತಿ, ಹಕ್ಕಿಗೆ ನೀ ಗುರುವೋ, ನಿನಗ ಹಕ್ಕಿ ಗುರುವೋ?" ಎಂದು ಸೊಸೆ ಕರೆಮ್ಮ ನಗುತ್ತಿದ್ದಳು.

"ಒಂದ ಕಸುಬಿನವರು ನಾವು. ಅವಕ್ಕ ಕೈ ಇಲ್ಲ, ನನಗ ರೆಕ್ಕಿ ಇಲ್ಲ."

ಅರ್ಧ ಹೆಣೆದ ಗೂಡಿನ ಒಳಗೋಡೆಗೆ ಗಂಡು ಗೀಜಗ ಹಸಿ ಮಣ್ಣು ತಂದು ಮೆತ್ತುತ್ತದೆ. ಆ ಮಣ್ಣಿಗೆ ಮಿಂಚುಹುಳ ಅಂಟಿಸಿ ಮರಿಗಳಿಗೆ ದೀಪ ಮಾಡುತ್ತದೆ ಎಂದು ಕರೆಮ್ಮನ ತವರಿನಲ್ಲಿ ಹೇಳುತ್ತಾರಂತೆ. ದೀಪದ ಮಾತು ಮೋನಮ್ಮನಿಗೆ ತಿಳಿಯದು. ಆದರೆ ಮಣ್ಣು ಎಲ್ಲಿಂದ ಒಯ್ಯುತ್ತವೆ ಎಂಬುದನ್ನು ಆಕೆ ಕಣ್ಣಾರೆ ಕಂಡಿದ್ದಳು. ಮುಂಗಾರಿನ ಆರಂಭದಲ್ಲಿ ಕಾಲುವೆಗೆ ಇನ್ನೂ ನೀರು ಬಿಟ್ಟಿರುವುದಿಲ್ಲ, ಕೆರೆಯ ನೀರು ದೂರ ಸರಿದಿರುತ್ತದೆ, ಏರಿಯೆಲ್ಲ ಕಾದ ಹೆಂಚು. ಆಗ ಹಸಿಯಾಗಿರುವ ಜಾಗ ಒಂದೇ, ಗಂಗಮ್ಮನ ಕಟ್ಟೆಯ ಬುಡ. ಆಕೆ ಬಾನಿಯ ನೀರು ಸುರಿಯುವ ಜಾಗ. ಹಕ್ಕಿಗಳು ಅಲ್ಲಿಳಿದು, ಆಕೆಯ ಕಾಲಿನ ಹತ್ತಿರವೇ, ಕೊಕ್ಕಿನ ತುಂಬ ಕೆಸರು ತುಂಬಿಕೊಂಡು ಹಾರುತ್ತಿದ್ದವು. ತಾಯಿಯ ನೀರು ಹಕ್ಕಿಯ ಮನೆಗೂ ಆಯಿತಲ್ಲ ಎಂದು ಆಕೆಗೆ ಒಳಗೊಳಗೇ ಸಂತೋಷ. ಗುಂಡು ಹೊಯ್ಯದ ದಿನಗಳಲ್ಲೂ ಬಾನಿಯ ತಳದಲ್ಲಿ ಉಳಿದ ನೀರಿಗೆ ಮತ್ತಷ್ಟು ನೀರು ಬೆರೆಸಿ ಆ ಮಣ್ಣನ್ನು ಹಸಿಯಾಗಿಡತೊಡಗಿದಳು.

ಹೀಗೆ ಹಲವು ಮಳೆಗಾಲ ಕಳೆದವು.

ಒಂದು ಆಷಾಢದಲ್ಲಿ ಗಾಳಿ ಬೀಸಿತು. ಆಷಾಢದ ಗಾಳಿ ಎಂದೂ ಬೀಸುವಂಥದೇ. ಆದರೆ ಆ ವರ್ಷ ಮರದ ಗೂಡುಗಳು ಒಂದರ ಹಿಂದೊಂದು ಉದುರಿದವು. ಮೋನಮ್ಮ ಬಿದ್ದ ಗೂಡೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಲೆಯನ್ನು ನೋಡುವಂತೆ ಬೆರಳಾಡಿಸಿದಳು. ಹೆಣಿಗೆ ಸಡಿಲವಿತ್ತು. ಗರಿಯನ್ನು ತೂರಿಸಿದೆ, ಆ ಕಡೆಯಿಂದ ಎಳೆದಿಲ್ಲ. ಕೆಲವು ಕಡೆ ಒಂದೇ ಜಾಗದಲ್ಲಿ ಸುತ್ತಿ ಸುತ್ತಿ ಗಂಟಿನ ಗುಡ್ಡೆ, ಪಕ್ಕದಲ್ಲೇ ಬೆರಳು ತೂರುವಷ್ಟು ತೂತು. ಗಂಡುಗಳು ಅರ್ಧಕ್ಕೇ ಬಿಡುವ ಗೂಡುಗಳು ಎಂದೂ ಇರುತ್ತವೆ. ಹೆಣ್ಣು ಬಂದು ನೋಡಿ ಒಪ್ಪದಿದ್ದರೆ ಬಿಟ್ಟುಬಿಡುತ್ತವೆ. ಆದರೆ ಆ ವರ್ಷ ಮರದ ತುಂಬ ಅರ್ಧ ಗೂಡುಗಳೇ. ಹೆಣ್ಣುಗಳು ಬರುವವು, ಒಳಗೆ ತಲೆ ಹಾಕುವವು, ಹಾರಿ ಹೋಗುವವು.

"ಈ ವರ್ಷದ ಹಕ್ಕಿ ಕೆಲಸಗೇಡಿ ಆಗ್ಯಾವ ನೋಡು," ಎಂದಳು ಕರೆಮ್ಮ. "ನಿನ್ನ ಮಗನ ಸಂಗ ಮಾಡ್ಯಾವೇನೋ."

ಮೋನಮ್ಮ ನಗಲಿಲ್ಲ. ಇದು ಈ ವರ್ಷದ್ದಲ್ಲ, ಹೋದ ವರ್ಷವೂ ಹೆಣಿಗೆ ಅಷ್ಟಕ್ಕಷ್ಟೇ ಇತ್ತು ಎಂದು ಆಕೆಗೆ ಅನ್ನಿಸತೊಡಗಿತು. ಬಹುಶಃ ಮಣ್ಣು ಸಾಲುತ್ತಿಲ್ಲ, ಮಣ್ಣಿನ ಭಾರವಿಲ್ಲದೆ ಗೂಡು ಗಾಳಿಗೆ ತೂರಾಡುತ್ತಿದೆ ಎಂದುಕೊಂಡು ಕಟ್ಟೆಯ ಬುಡಕ್ಕೆ ಇನ್ನಷ್ಟು ನೀರು ಹಾಕಿದಳು.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಏರಿಯ ಮೇಲೆ ರೆಕ್ಕೆ ಬಲಿತ ಮರಿಯೊಂದು ಬಿದ್ದಿತ್ತು. ಹಾರುವ ವಯಸ್ಸು. ಗಾಯವಿಲ್ಲ. ಆಕೆ ಅಂಗೈಯಲ್ಲಿ ತೆಗೆದುಕೊಂಡಳು. ಮರಿಗೆ ಕಾಲೂರಲಾಗುತ್ತಿರಲಿಲ್ಲ, ಕತ್ತು ಒಂದು ಕಡೆ ವಾಲಿ ನಡುಗುತ್ತಿತ್ತು, ರೆಕ್ಕೆಗಳು ಒದ್ದೆ ಅರಿವೆಯಂತೆ ಜೋತಿದ್ದವು. ಹುಳ ಹಿಡಿದು ಕೊಟ್ಟರೆ ಬಾಯಿ ತೆರೆಯಲಿಲ್ಲ. ಹಸಿದ ಮರಿ ಬಾಯಿ ತೆರೆಯದೆ ಇರುವುದನ್ನು ಆಕೆ ಅದುವರೆಗೆ ಕಂಡಿರಲಿಲ್ಲ. ಸೆರಗಿನಲ್ಲಿಟ್ಟುಕೊಂಡು ಬಿಸಿಲೇರುವವರೆಗೆ ಕುಳಿತಳು. ಅದು ಅಲ್ಲೇ ತಣ್ಣಗಾಯಿತು. ಆ ವಾರದಲ್ಲಿ ಇನ್ನೂ ಕೆಲವು ಬಿದ್ದವು.

ಸೀಸ ತರಲು ಶಹಾಪುರಕ್ಕೆ ಹೋದಾಗ ಆಕೆ ಈ ಮಾತನ್ನು ಮಕ್ತುಮಸಾಬನಿಗೆ ಹೇಳಿದಳು. ಆತ ಬ್ಯಾಟರಿ ಒಡೆಯುವ ಕೆಲಸದಲ್ಲೇ ಮುದುಕನಾದವನು, ಬಲಗೈಯ ಮಣಿಕಟ್ಟು ಸೋತು ಜೋತಿತ್ತು. ಚಹಾದ ಬಸಿಯನ್ನು ಎಡಗೈಯಲ್ಲಿ ಹಿಡಿದು ಕುಡಿಯುತ್ತಿದ್ದವನು ಬಸಿ ಕೆಳಗಿಟ್ಟ.

"ಕತ್ತು ಹಿಂಗ ವಾಲಿತ್ತೇನು?" ಎಂದು ತನ್ನ ಕತ್ತನ್ನೇ ವಾಲಿಸಿ ತೋರಿಸಿದ.

"ಹಂಗs ಇತ್ತು ಮಕ್ತುಮಣ್ಣ. ನೀ ಎಲ್ಲಿ ನೋಡಿದಿ?"

"ನಮ್ಮ ದುಕಾನದ ಹಿಂದ. ನಮ್ಮ ಮನಿಯವರು ಕೋಳಿ ಸಾಕಿದ್ರು. ಪಿಳ್ಳಿ ಎಲ್ಲಾ ಹಿಂಗs ಕತ್ತು ತಿರುವಿ ಸತ್ತವು. ಈ ಸೀಸದ ಪುಡಿ ಹೆಕ್ಕಿ ತಿಂತಿದ್ವು. ಅವತ್ತs ಕೋಳಿ ಸಾಕೂದು ಬಿಟ್ಟೆ."

ಮೋನಮ್ಮ ಸೀಸಕ್ಕೆಂದು ತಂದ ಚೀಲವನ್ನು ಕೆಳಗಿಟ್ಟಳು. ಆಮೇಲೆ, "ಇಷ್ಟು ವರ್ಷ ನನಗ ಯಾಕ ಹೇಳಲಿಲ್ಲ?" ಎಂದಳು.

"ನೀ ಕೋಳಿ ಸಾಕಂಗಿಲ್ಲಲ್ಲ ಅಕ್ಕ."

ಆಕೆ ಖಾಲಿ ಚೀಲವನ್ನು ಮಡಚಿಕೊಂಡು ಬಸ್ಸು ಹತ್ತಿದಳು. ಸೀಸ ತರಲಿಲ್ಲ. ದಾರಿಯುದ್ದಕ್ಕೂ ಆಕೆಗೆ ಕಂಡದ್ದು ಬಾನಿಯ ತಳದಲ್ಲಿ ಕೂಡುವ ಬೂದುಬಣ್ಣದ ಗಸಿ, ಚಾಕುವಿನಿಂದ ಕೆರೆದಾಗ ಬೀಳುವ ಹೊಳೆಯುವ ಪುಡಿ. ಆ ಪುಡಿ ಬಿದ್ದ ಜಾಗಕ್ಕೇ ಆಕೆ ನೀರು ಹಾಕಿ ಹಕ್ಕಿಗಳನ್ನು ಕರೆದಿದ್ದಳು.

ಊರ ಶಾಲೆಯ ನೀಲಕಂಠ ಮಾಸ್ತರರು ಭಾನುವಾರ ಕೆರೆಯ ದಂಡೆಯಲ್ಲಿ ದುರ್ಬೀನು ಹಿಡಿದು ಹಕ್ಕಿ ನೋಡುವವರು. ಮೋನಮ್ಮ ಶಾಲೆ ಬಿಡುವವರೆಗೆ ಬಾಗಿಲಲ್ಲಿ ಕಾದು ನಿಂತು, ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಮಾಸ್ತರರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

"ಸೀಸ ದೊಡ್ಡ ಹಕ್ಕಿಗಿಂತ ಮರಿಗೆ ಹೆಚ್ಚು ತ್ರಾಸು ಕೊಡ್ತದ ಮೋನಮ್ಮ," ಎಂದರು. "ಎಲುಬು ಕೂಡೂ ಕಾಲ, ಮಿದುಳು ಬೆಳಿಯೂ ಕಾಲ ಅದು. ಕೆಲವು ಮರಿ ಸಾಯ್ತಾವ. ಬದುಕಿದ್ದೂ ಪೂರಾ ಬರೋಬರಿ ಆಗಂಗಿಲ್ಲ. ದೊಡ್ಡದಾದ ಮ್ಯಾಲ ಹಾಡೂದು, ಕಲಿಯೂದು ಹಿಂದ ಬೀಳ್ತಾವ ಅಂತ ಓದೇನಿ. ಆದ್ರ ಅದು ಬ್ಯಾರೆ ದೇಶದಾಗ, ಬ್ಯಾರೆ ಹಕ್ಕಿ ನೋಡಿ ಹೇಳಿದ್ದು."

"ಅಂದ್ರ ಈಗ ಸಡ್ಲ ಹೆಣಿಯಾಕತ್ತಾವಲ್ಲ ಮಾಸ್ತರ, ಅವು ಮರಿ ಇದ್ದಾಗ ಈ ಮಣ್ಣಿನ ಗೂಡಿನಾಗ ಬೆಳದವು?"

"ಇರಬಹುದು."

"ಖಾತ್ರಿ ಏನ್ರಿ?"

ಮಾಸ್ತರರು ತಲೆ ಅಲ್ಲಾಡಿಸಿದರು. "ಖಾತ್ರಿ ಇಲ್ಲವ್ವ. ಗೀಜಗದ ಮ್ಯಾಲ ಇದನ್ನ ಯಾರು ನೋಡ್ಯಾರೋ ನನಗ ಗೊತ್ತಿಲ್ಲ. ಮಣ್ಣು, ಸತ್ತ ಮರಿ ಕಳಿಸಿ ಪರೀಕ್ಷಾ ಮಾಡಸಬೇಕು. ಅದಕ್ಕ ದಿನ ಹಿಡೀತದ. ನೀ ಅಲ್ಲೀತನಕ ತಡೀತಿ ಅಂದ್ರ ತಡಿ. ನಿನ್ನ ಹೊಟ್ಟಿಪಾಡು ಅದರ ಮ್ಯಾಲ ಅದ."

"ಪರೀಕ್ಷಾ ನೀವು ಮಾಡಸ್ರಿ. ಮರಿ ಮಾತ್ರ ನನ್ನ ಸೆರಗಿನಾಗ ಸತ್ತದ. ನಾ ತಡಿಯಂಗಿಲ್ಲ," ಎಂದು ಹೇಳಿ ಮೋನಮ್ಮ ನಡೆದಳು.

ಮರುದಿನ ಏರಿಯ ಮೇಲೆ ಬೆಂಕಿ ಹೊತ್ತಲಿಲ್ಲ. ಗುಂಡು ಕಟ್ಟಬೇಕಾದ ಬಲೆಗಳು ಕಟ್ಟೆಯ ಪಕ್ಕ ರಾಶಿ ಬಿದ್ದವು. ಸುದ್ದಿ ತಿಳಿದು ಅಂಬ್ರಪ್ಪ ಬಂದ. ಆತ ಮರಿಲಿಂಗಪ್ಪನ ಅಣ್ಣ, ಕೆರೆಯ ಮೀನುಗಾರರಿಗೆಲ್ಲ ಹಿರಿಯ. ಆತನ ಮಾತಿಗೆ ಊರಲ್ಲಿ ಎದುರುತ್ತರ ಕೊಡುವವರು ಕಡಿಮೆ.

"ಏನವ್ವ ಮೋನವ್ವ, ಹಕ್ಕಿ ಸತ್ತಾವ ಅಂತ ಬಲಿ ಉಪವಾಸ ಕೆಡವೀಯಂತಲ್ಲ?"

ಮೋನಮ್ಮ ಸೆರಗು ತಲೆಗೆಳೆದುಕೊಂಡು ಎದ್ದು ನಿಂತಳು. "ಸೀಸ ಹಕ್ಕಿ ಮರಿಗೆ ವಿಷ ಆಗೇದ್ರಿ ಭಾವ. ನಾ ಇನ್ನ ಮುಂದ ಅದನ್ನ ಹೊಯ್ಯಂಗಿಲ್ಲ."

"ನಮ್ಮವ್ವ ಹೊಯ್ದಾಳ, ಅಕಿ ಅತ್ತಿ ಹೊಯ್ದಾಳ. ಅವಾಗ ಇಲ್ಲದ ವಿಷ ಈಗ ಎಲ್ಲಿಂದ ಬಂತು?"

"ಅವಾಗ ಸೇರಿನಷ್ಟು ಸೀಸ, ಈಗ ಚೀಲ. ಅವಾಗ ಈ ಹಕ್ಕಿ ಎಲ್ಲಿದ್ವು? ಕಾಲುವಿ ಬಂದ ಮ್ಯಾಲ ಬಂದಾವ."

"ಬಂದಂಗs ಹೋಗ್ತಾವ ಬಿಡು. ಗುಂಡಿಲ್ಲದ ಬಲಿ ಏನು ಮಾಡಲಿ? ಹೊದ್ದು ಮಲಗಲಿ?" ಸುತ್ತ ನಿಂತವರು ನಕ್ಕರು. "ಮಣ್ಣಿನ ಗುಂಡು ಕಟ್ಟಿಕೊಂಡಿದ್ದ ನಮ್ಮ ಮುತ್ಯಾ. ಹುಣಸಿಕಾಯಿ ಹಂಗ ಉದ್ದೂಕ ಇದ್ವು. ಹಿಡಿದ ಮೀನಿಗಿಂತ ಹೇಳಿದ ಕತಿ ಹೆಚ್ಚು ಅವಂದು."

ಎಲ್ಲರೂ ಮತ್ತೆ ನಕ್ಕರು. ಮೋನಮ್ಮ ಮಾತ್ರ ನಗದೆ ಕೇಳಿದಳು: "ಉದ್ದೂಕ ಅಂದ್ರ ಎಷ್ಟು ಉದ್ದ ಇದ್ವು ಭಾವ? ಸುಟ್ಟದ್ದೋ, ಹಸಿ ಒಣಗಿಸಿದ್ದೋ?"

ಅಂಬ್ರಪ್ಪನಿಗೆ ಆಡಿದ ಮಾತು ತನ್ನ ಕಾಲಿಗೇ ತೊಡರಿದಂತಾಯಿತು. "ಸುಟ್ಟದ್ದು," ಎಂದು ಗೊಣಗಿ, "ಗಂಗಮ್ಮನ ಎದುರಿಗೆ ಹೊಯ್ಯದ ಗುಂಡು ನಾ ಕಟ್ಟಂಗಿಲ್ಲ, ಹೇಳೇನಿ," ಎಂದು ಹೊರಟುಹೋದ.

ಅಲ್ಲಿಂದ ಮೋನಮ್ಮನ ಕಷ್ಟದ ದಿನಗಳು ಶುರುವಾದವು. ಕೆರೆಯ ಅಂಗಳದ ಜಿಗಟು ಮಣ್ಣು ತಂದು, ಜರಡಿ ಹಿಡಿದು, ತುಳಿದು, ಸಜ್ಜೆಯ ದಂಟಿನ ಸುತ್ತ ಮೆತ್ತಿ ಉದ್ದನೆಯ ಗುಂಡು ಮಾಡಿದಳು. ದಂಟು ಬೆಂಕಿಯಲ್ಲಿ ಉರಿದು ಹೋಗಿ ತೂತು ಉಳಿಯುತ್ತಿತ್ತು. ಊರ ಹೊರಗಿನ ಇಟ್ಟಿಗೆ ಭಟ್ಟಿಯವರು ತಮ್ಮ ಇಟ್ಟಿಗೆಯ ಸಂದಿಯಲ್ಲಿ ಅವನ್ನಿಟ್ಟು ಸುಟ್ಟುಕೊಟ್ಟರು. ಮೊದಲ ಸಲದವು ಒಡೆದು ಬಂದವು. ಎರಡನೆಯ ಸಲದವು ಒಡೆಯಲಿಲ್ಲ, ಆದರೆ ನೀರಿನಲ್ಲಿ ನೆನೆದು ಚಕ್ಕೆ ಎದ್ದವು. ವಡಗೇರಾದವರು ತಮ್ಮ ಬಲೆಗಳನ್ನು ವಾಪಸು ಒಯ್ದರು. ಕಕ್ಕೇರಾದವರು ಅದನ್ನು ಕೇಳಿ ಬರುವುದನ್ನೇ ಬಿಟ್ಟರು.

ಮನೆಯಲ್ಲಿಯೂ ಮಾತು ಬಂತು. ಸಾಬಣ್ಣ ಬಲೆ ಬೀಸುವುದು ಹರಿಯುವ ಕಾಲುವೆಯಲ್ಲಿ.

"ಅತ್ತಿ, ನಿನ್ನ ಮಗ ಮಣ್ಣಿನ ಗುಂಡಿನ ಬಲಿ ಬೀಸಿದ್ರ ಬಲಿ ತೇಲಿಕೋತ ಹೊಂಟದ್ದು ರಾಯಚೂರು ಮುಟ್ಟತದ," ಎಂದಳು ಕರೆಮ್ಮ. ಅವಳ ದನಿಯಲ್ಲಿ ಈ ಸಲ ನಗು ಕಡಿಮೆಯಿತ್ತು. "ಹಕ್ಕಿಗೆ ಮರ ಊರ ತುಂಬ ಅವ. ನಮಗ ಒಲಿ ಒಂದs ಅದ."

"ಗೊತ್ತದ ಕರೆಮ್ಮ. ಕಾಲುವಿ ಬಲಿಗೆ ನನ್ನಿಂದ ಆಗಂಗಿಲ್ಲ. ಅಂವ ಇದ್ದ ಗುಂಡು ಇಟ್ಟುಕೊಳ್ಳಲಿ. ಹೊಸಾದು ಮಾತ್ರ ಈ ಕೈಲೆ ಹೊಯ್ಯಂಗಿಲ್ಲ."

"ನಿನ್ನ ಮೋನಪ್ಪಯ್ಯ ಬಂದು ಹೇಳ್ಯಾನೇನು?"

"ಅಂವ ಮಾತಾಡಂಗಿಲ್ಲ. ನೋಡ್ತಾನ ಅಷ್ಟ."

ಮರುದಿನ ಮಣ್ಣು ತುಳಿಯುವ ಹೊತ್ತಿಗೆ ಕರೆಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು ತಾನೂ ಇಳಿದಳು.

ಇಬ್ಬರೂ ಸೇರಿ ಮಣ್ಣನ್ನು ಇನ್ನಷ್ಟು ನುಣ್ಣಗೆ ಮಾಡಿ, ಭಟ್ಟಿಯ ನಡುವೆ, ಬೆಂಕಿ ಹೆಚ್ಚಿರುವ ಜಾಗದಲ್ಲಿ ಇಡಿಸಿದರು. ಆ ಸಲ ಗುಂಡು ಕಂಚಿನ ದನಿ ಕೊಟ್ಟವು. ಹಗುರವೆಂದು ಮೋನಮ್ಮ ಅಂಚಿಗೆ ಒತ್ತೊತ್ತಾಗಿ ಪೋಣಿಸಿದಳು. ಸಾಬಣ್ಣ ಆ ಬಲೆಯನ್ನು ಕಾಲುವೆಯಲ್ಲಿ ಬೀಸಿದಾಗ ಹೆಂಡತಿ ಹೇಳಿದಂತೆಯೇ ಹರಿವಿಗೆ ತೇಲಿ ಹೋಯಿತು. ನಿಂತ ನೀರಿನ ಕೆರೆಯಲ್ಲಿ ಬೀಸಿದಾಗ ಸೀಸದ ಬಲೆಗಿಂತ ನಿಧಾನವಾಗಿ ಇಳಿಯಿತು, ಆದರೆ ಸುತ್ತಲೂ ಒಂದೇ ಸಮನೆ ಇಳಿಯಿತು. ತಳದ ಕೆಸರಿನಲ್ಲಿ ಹೂತುಕೊಳ್ಳದೆ ಸಲೀಸಾಗಿ ಎಳೆದುಕೊಂಡು ಬಂತು. ಬಲೆಯಲ್ಲಿ ಮೀನೂ ಇದ್ದವು. ಕೆರೆಯಲ್ಲಿ ಬೀಸುವ ನಾಲ್ಕಾರು ಜನ ಮುಂದೆ ಬಂದರು. ಮೋನಮ್ಮ ಸುಟ್ಟ ಗುಂಡುಗಳನ್ನು ಗಂಗಮ್ಮನೆದುರು ಇಟ್ಟು ಕುಂಕುಮ ಹಚ್ಚಿಯೇ ಪೋಣಿಸುತ್ತಿದ್ದಳು. ಅಂಬ್ರಪ್ಪ ಮಾತ್ರ ಬರಲಿಲ್ಲ.

ಆದರೆ ಆಕೆಯ ನಿದ್ದೆ ಕೆಡಿಸಿದ್ದು ಗುಂಡಲ್ಲ. ಕಟ್ಟೆಯ ಬುಡದ ಮಣ್ಣು. ಹೊಯ್ಯುವುದನ್ನು ಬಿಟ್ಟರೂ ಇಷ್ಟು ವರ್ಷದ ಸೀಸ ಅಲ್ಲೇ ಇತ್ತು. ಮುಂದಿನ ಮುಂಗಾರಿಗೆ ಹಕ್ಕಿಗಳು ಅಲ್ಲೇ ಇಳಿಯುತ್ತವೆ. ಅಷ್ಟರಲ್ಲಿ ಮಾಸ್ತರರು ಕಳಿಸಿದ ಮಣ್ಣಿನ ಪರೀಕ್ಷೆಯ ಸುದ್ದಿಯೂ ಬಂತು. ಅದರಲ್ಲಿ ಸೀಸ ಬಹಳ ಇದೆಯಂತೆ. ಮರಿಗಳ ವಿಷಯ ಹೇಳಲಾಗದಷ್ಟು ಅವು ಕೆಟ್ಟುಹೋಗಿದ್ದವಂತೆ. ಮಣ್ಣನ್ನು ತೆಗೆಯಲೇಬೇಕು, ಆದರೆ ಅದು ಇರುವುದು ತಾಯಿಯ ಕಲ್ಲಿನ ಸುತ್ತ, ಕಲ್ಲಿನ ಕೆಳಗೆ. ಕಲ್ಲನ್ನು ಎತ್ತದೆ ಅಗೆಯಲಾಗದು. ಗಂಗಮ್ಮನನ್ನು ಅಲುಗಿಸುವ ಮಾತನ್ನು ಯಾರ ಬಾಯಿಂದ ಹೇಳಿಸುವುದು? ಆಕೆ ಹಲವು ದಿನ ಕಟ್ಟೆಯೆದುರು ಸುಮ್ಮನೆ ಕುಳಿತು ಎದ್ದು ಬಂದಳು.

ಯುಗಾದಿಯ ಮುಂಚೆ ಒಂದು ಸಂಜೆ ಆಕೆ ತಾನಾಗಿ ಅಂಬ್ರಪ್ಪನ ಮನೆಗೆ ಹೋದಳು. ಆತ ಅಂಗಳದಲ್ಲಿ ಬಲೆಯ ತೂತು ಮುಚ್ಚುತ್ತಿದ್ದ. ಈಕೆ ಹೊಸ್ತಿಲ ಹೊರಗೆ ಕುಳಿತಳು.

"ಭಾವ, ಊರೂರಿನ ದೇವರು ಗಂಗಸ್ಥಳಕ್ಕ ಹೋಗ್ತಾವ, ಹೊಳ್ಯಾಗ ಮಿಂದು ಬರ್ತಾವ. ನಮ್ಮ ಗಂಗಮ್ಮ ಯಾವಾಗರ ಹೋಗ್ಯಾಳೇನ್ರಿ?"

ಅಂಬ್ರಪ್ಪನ ಕೈ ನಿಂತಿತು. "ಅಕಿ ಕುಂತದ್ದs ನೀರಿನ ದಂಡಿ ಮ್ಯಾಲ. ಅಕಿಗೆಂಥ ಗಂಗಸ್ಥಳ?"

"ಬ್ಯಾಸಿಗ್ಯಾಗ ನೀರು ಅಕಿ ಹತ್ತಿರ ಬರಂಗಿಲ್ಲಲ್ರಿ. ಇಷ್ಟು ವರ್ಷ ನಾ ಅಕಿಗೆ ಹಾಕಿದ್ದು ಸೀಸದ ನೀರು. ಒಂದು ಸಲ ಹೊಳಿ ನೀರಿನಾಗ ಮೀಯಿಸಬೇಕಂತ ಮನಸಾಗೇದ. ತಿಂಥಣಿ ಹೊಳಿಗೆ ಒಯ್ಯೂಣು. ನೀವು ಹಿರಿಯರು, ನೀವು ತಲಿ ಮ್ಯಾಲ ಹೊತ್ತರ ಊರು ಬರ್ತದ."

ಅಂಬ್ರಪ್ಪ ದಡ್ಡನಲ್ಲ. "ತಾಯಿ ಹೊಳಿಗೆ ಹೋದಾಗ ಇಲ್ಲಿ ಜಾಗ ಖಾಲಿ ಇರ್ತದ," ಎಂದ.

"ಇರ್ತದ್ರಿ."

"ಖಾಲಿ ಜಾಗ ಯಾರರ ಕಸ ಹೊಡೀಬೇಕಾಗ್ತದ."

"ನಾನು ಕರೆಮ್ಮ ಹೊಡೀತೀವ್ರಿ."

ಆತ ಮತ್ತೆ ಬಲೆಯ ಕಡೆ ತಲೆ ಬಗ್ಗಿಸಿದ. "ಸೀಸದ ನೀರು ತಾಯಿಗೆ ಒಗ್ಗಿಲ್ಲ ಅಂತೀ ಏನು?"

"ತಾಯಿಗೆ ಎಲ್ಲಾ ಒಗ್ಗತದ್ರಿ. ಅಕಿ ಮಕ್ಕಳಿಗೆ ಒಗ್ಗಿಲ್ಲ."

ಯುಗಾದಿಯ ಮರುದಿನ ಬೆಳಿಗ್ಗೆ ಡೊಳ್ಳು ಬಾರಿಸಿಕೊಂಡು ಊರು ಹೊರಟಿತು. ಅಂಬ್ರಪ್ಪ ತಾನೇ ಕಲ್ಲನ್ನು ಬೇವಿನ ಸೊಪ್ಪಿನ ಮೇಲೆ ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತ. ಮೋನಮ್ಮ ಜೊತೆಗೆ ಹೋಗಲಿಲ್ಲ. ಆಕೆಗೆ ಹೋಗುವ ಆಸೆ ಬಹಳ ಇತ್ತು. ಮೋನಪ್ಪಯ್ಯನ ಜಾತ್ರೆಗೆ ವರ್ಷವೂ ನಡೆದವಳು ತಿಂಥಣಿಯ ದಾರಿಯಲ್ಲಿ ಡೊಳ್ಳಿನ ಹಿಂದೆ ಹೋಗದೆ ಉಳಿದದ್ದು ಅದೇ ಮೊದಲು. ಡೊಳ್ಳಿನ ಸದ್ದು ಕಾಲುವೆಯ ಆಚೆ ಸಣ್ಣದಾಗುವವರೆಗೆ ಕೈ ಮುಗಿದು ನಿಂತು, ಆಮೇಲೆ ಗುದ್ದಲಿ ಹಿಡಿದಳು. ಮಾಸ್ತರರು ಹೇಳಿದ್ದಂತೆ ಆಕೆಯೂ ಕರೆಮ್ಮನೂ ಮೂಗಿಗೆ ಒದ್ದೆ ಅರಿವೆ ಕಟ್ಟಿಕೊಂಡರು. ಮೊಣಕಾಲುದ್ದ ಅಗೆದರು. ಮೇಲಿನ ಮಣ್ಣು ಬೂದು, ಅದರೊಳಗೆ ಅಲ್ಲಲ್ಲಿ ಮಿಣಮಿಣ ಹೊಳೆಯುವ ಚೂರು. ಅಗೆದಂತೆ ಮಣ್ಣು ಕಪ್ಪಾಯಿತು, ಕೊನೆಗೆ ಊರಿನ ಎಲ್ಲ ಹೊಲದಲ್ಲೂ ಇರುವಂಥ ಎರೆಮಣ್ಣು ಬಂತು. ತೆಗೆದ ಮಣ್ಣನ್ನೆಲ್ಲ ಗೊಬ್ಬರದ ಚೀಲಗಳಲ್ಲಿ ತುಂಬಿ ಬಾಯಿ ಹೊಲಿದರು. ಮೋನಮ್ಮ ಮೊದಲೇ ಹೇಳಿಟ್ಟಿದ್ದಂತೆ ಮಕ್ತುಮಸಾಬ ಲಾರಿ ತಂದಿದ್ದ.

"ಹಳೇ ಸೀಸ ಒಯ್ಯೂ ಲಾರಿ ಅಕ್ಕ. ಇದನ್ನೂ ಅದರ ಜೋಡಿ ಭಟ್ಟಿಗೆ ಕಳಸ್ತೀನಿ, ಹಳ್ಳಕ್ಕ ಸುರವಂಗಿಲ್ಲ, ಖುದಾನ ಆಣಿ," ಎಂದ. ಚೀಲ ಎತ್ತಲು ಆತನ ಬಲಗೈ ಬರಲಿಲ್ಲ. ಕರೆಮ್ಮ ಎತ್ತಿ ಹಾಕಿದಳು.

"ನೀ ಬಿಟ್ರ ಇನ್ನೊಬ್ಬರು ಹೊಯ್ತಾರ," ಎಂದ ಆತ, ಲಾರಿ ಹತ್ತುವಾಗ. "ಕಕ್ಕೇರಾದವರು ಆಗಲೇ ಒಬ್ಬನ್ನ ಹುಡುಕ್ಯಾರ."

"ಗಿಡದ ಕೆಳಗ ಹೊಯ್ಯಬ್ಯಾಡ ಅಂತ ಅವಗ ಹೇಳು. ನೀರು ಕಂಡಕಂಡಲ್ಲಿ ಚೆಲ್ಲಬ್ಯಾಡ ಅಂತನೂ ಹೇಳು. ನೀ ಸೀಸ ಕೊಡೂವಾಗ ಹೇಳಿದ್ರ ಕೇಳ್ತಾನ."

ಅಗೆದ ಕುಣಿಯನ್ನು ಅವರು ಹೊಲದ ಮಣ್ಣಿನಿಂದ, ಹಳ್ಳದ ಮರಳಿನಿಂದ ತುಂಬಿದರು. ಮೂರನೆಯ ದಿನ ಗಂಗಮ್ಮ ಮಿಂದು ಬಂದಳು. ಅರಿಶಿನವೆಲ್ಲ ತೊಳೆದು ಹೋಗಿ ಕಲ್ಲು ತನ್ನ ಕರಿಬಣ್ಣದಲ್ಲಿತ್ತು. ಅಂಬ್ರಪ್ಪ ಹೊಸ ಮಣ್ಣಿನ ಮೇಲೆ ಅದನ್ನಿಟ್ಟು, ಸುತ್ತಲೂ ಒಮ್ಮೆ ನೋಡಿ, "ಕಸ ಬರೋಬರಿ ಹೊಡದೀರಿ," ಎಂದಷ್ಟೇ ಹೇಳಿದ.

ಆ ಮುಂಗಾರಿಗೆ ಗೀಜಗಗಳು ಬಂದವು, ಮೊದಲಿಗಿಂತ ಕಡಿಮೆ. ಮೋನಮ್ಮ ಹೊಸ ಮಣ್ಣಿಗೆ ಕೊಡದ ನೀರು ಹಾಕಿ ಹಸಿಯಾಗಿಟ್ಟಳು. ಹಕ್ಕಿಗಳು ಒಯ್ದವು. ಆದರೆ ಗೂಡು ಹಾಗೆಯೇ ಸಡಿಲವಾಗಿ, ಅರ್ಧಕ್ಕೇ ನಿಂತವು. ನೋಡಿದವರು ನೋಡಿದ್ದನ್ನು ಹೇಳಿದರು.

"ಮಣ್ಣು ಬದಲಾಯಿಸಿದಿ, ಗುಂಡು ಬದಲಾಯಿಸಿದಿ. ಹಕ್ಕಿ ಹಳೇವs ಅವಲ್ಲ," ಎಂದ ಅಂಬ್ರಪ್ಪ. ಈ ಸಲ ಅದರಲ್ಲಿ ಕುಹಕವಿರಲಿಲ್ಲ, ಬೇಸರವಿತ್ತು.

"ಹಳೇವು ಹಂಗs ಹೆಣೀತಾವ್ರಿ ಭಾವ. ಮರಿ ಇದ್ದಾಗ ಮೈಗೆ ಹೋದದ್ದು ಮಣ್ಣು ಬದಲಾಯಿಸಿದ್ರ ಹೊರಗ ಬರಂಗಿಲ್ಲ. ಈ ವರ್ಷ ಒಂದೆರಡು ಗೂಡಿನಾಗ ಮರಿ ಆಗ್ಯಾವ. ಅವು ಹಾರಿ ಹೋದ್ವು, ಒಂದೂ ಬೀಳಲಿಲ್ಲ. ಗಂಡಿಗೆ ಹಳದಿ ತಲಿ ಬಂದು ಹೆಣೀಬೇಕಾದ್ರ ಮತ್ತೊಂದು ಮಳಿಗಾಲ ದಾಟಬೇಕು."

"ನೀ ಅಲ್ಲೀತನಕ ಕಾಯ್ತಿ."

"ನಾ ಎಲ್ಲಿ ಹೋಗಲ್ರಿ?"

ಆಕೆ ಕಾದಳು. ಬಲೆಗಳು ಮೊದಲಿನಷ್ಟು ಬರುತ್ತಿರಲಿಲ್ಲ. ಹೆಣಿಗೆ, ತೂತು ಮುಚ್ಚುವುದು, ಭತ್ತದ ನಾಟಿ ಎಂದು ದಿನ ಸಾಗಿಸಿದಳು. ನಡುವಿನ ಮಳೆಗಾಲ ದಾಟಿ, ಎರಡನೆಯ ಮುಂಗಾರು ತಡವಾಗಿ ಬಂತು. ಕೆರೆ ಹಿಂದೆ ಸರಿದು, ಏರಿ ಕಾದು, ಹಕ್ಕಿಗಳೇ ಬರುವುದಿಲ್ಲವೇನೋ ಎನ್ನುವಾಗ ಒಂದು ಬೆಳಿಗ್ಗೆ ಜಾಲಿಯ ತುದಿಯಲ್ಲಿ ಹಳದಿ ತಲೆ ಕಂಡಿತು. ಎಳೆಯ ಗಂಡು, ಬಣ್ಣ ಇನ್ನೂ ಪೂರ್ತಿ ಏರಿರಲಿಲ್ಲ. ಅದು ಹಳೆಯ ಹಕ್ಕಿಗಳ ಸಾಲಿನಿಂದ ಸ್ವಲ್ಪ ದೂರ, ಬೇರೆ ಕೊಂಬೆ ಹಿಡಿಯಿತು. ಮೋನಮ್ಮ ಎದ್ದು ಹತ್ತಿರ ಹೋಗಲಿಲ್ಲ. ಕುಳಿತಲ್ಲಿಂದಲೇ ನೋಡಿದಳು. ಗರಿಯ ತುದಿಯನ್ನು ತೂರಿಸಿತು, ಕೊಂಬೆ ಸುತ್ತಿ ಆ ಕಡೆ ಹೋಯಿತು, ಕೊಕ್ಕಿನಿಂದ ಹಿಡಿದು ಕಾಲೂರಿ ಎಳೆಯಿತು. ಗಂಟು ಕೂತಿತು. ಮತ್ತೆ ತೂರಿಸಿತು.

ಕೆಲವು ದಿನಗಳಲ್ಲಿ ಗೂಡಿಗೆ ಹೊಟ್ಟೆ ಬಂತು, ಮಣ್ಣು ಹೋಯಿತು. ಕಂದು ಬಣ್ಣದ ಹೆಣ್ಣೊಂದು ಬಂದು ಮೊದಲು ಹಳೆಯ ಹಕ್ಕಿಗಳ ಗೂಡುಗಳಲ್ಲಿ ತಲೆ ಹಾಕಿ ತೆಗೆಯಿತು. ಆಮೇಲೆ ಈ ಗೂಡಿಗೆ ಬಂತು. ಗಂಡು ರೆಕ್ಕೆ ಬಡಿಯುತ್ತ ಕೆಳಗೆ ಜೋತು ಕಿರುಚಿತು. ಹೆಣ್ಣು ಗೂಡನ್ನು ಹೊರಗಿನಿಂದ ಕುಟುಕಿ ನೋಡಿತು, ಎಳೆದು ನೋಡಿತು, ಒಳಗೆ ಹೋಯಿತು. ಮೋನಮ್ಮ ಕುಳಿತಲ್ಲೇ ಕಾದಳು. ಅದು ಹೊರಗೆ ಬರಲಿಲ್ಲ.

ಅಷ್ಟರಲ್ಲಿ ಅಂಬ್ರಪ್ಪ ಹೆಗಲ ಮೇಲೆ ಬಲೆ ಹಾಕಿಕೊಂಡು ಏರಿಯ ಮೇಲೆ ಬಂದ. ಆತ ದಿನವೂ ಆ ಜಾಲಿಯ ಕೆಳಗಿನಿಂದಲೇ ನೀರಿಗಿಳಿಯುವವನು. ಮೋನಮ್ಮ ಮಾತಾಡದೆ ಕೈ ಎತ್ತಿ ತಡೆದಳು. ಆತ ನಿಂತ. ಆಕೆಯ ನೋಟ ಹಿಡಿದು ಮೇಲೆ ನೋಡಿದ. ಆಗಲೇ ಹೆಣ್ಣು ಹಕ್ಕಿ ಗೂಡಿನ ಕೆಳಬಾಗಿಲಿಂದ ತಲೆ ಹೊರಹಾಕಿ, ಸುತ್ತ ನೋಡಿ, ಮತ್ತೆ ಒಳಕ್ಕೆ ಹೋಯಿತು.

"ಒಪ್ಪಿತೇನು?" ಎಂದು ಅಂಬ್ರಪ್ಪ ಪಿಸುಗುಟ್ಟಿದ.

"ಒಪ್ಪೇದ್ರಿ."

ಆತ ಇನ್ನೂ ಸ್ವಲ್ಪ ಹೊತ್ತು ಕತ್ತೆತ್ತಿ ನಿಂತಿದ್ದ. ಆಮೇಲೆ ಬಲೆಯನ್ನು ಹೆಗಲಿನಿಂದ ಇಳಿಸಿ ಆಕೆಯ ಪಕ್ಕದಲ್ಲಿಟ್ಟ. "ಇದರ ಗುಂಡು ಬಿಚ್ಚು. ನಿಂದು ಕಟ್ಟು. ಜರಾ ಒತ್ತಾಗಿ," ಎಂದು ಹೇಳಿ, ಬಂದ ದಾರಿಯಲ್ಲೇ ಹಿಂದಿರುಗಿ, ಏರಿಯ ಆ ತುದಿಯಿಂದ ನೀರಿನ ಕಡೆ ಇಳಿದುಹೋದ.